ಕಾಫಿ ಬೆಲೆ ಏರಿದರೆ ಹಸು ಕಟ್ಟಿದವರ ಮೇಲೇಕೆ ಗೂಬೆ?

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಗಾಂಧಿ ಬಜಾರಿಗೆ ಹೋದರೆ ವಿದ್ಯಾರ್ಥಿ ಭವನದ ಮುಂದೆ ಜನ ಕಾಯುತ್ತಿರುತ್ತಾರೆ. 1943ರಲ್ಲಿ ಶುರುವಾದ ಹೋಟೆಲು. ಗೆಳೆಯರನ್ನು ಕಟ್ಟಿಕೊಂಡು ಬಂದವರು ಮಸಾಲೆ ದೋಸೆಗೆ ಎಷ್ಟು ಹೊತ್ತಾದರೂ ನಿಲ್ಲುತ್ತಾರೆ. ಮಲ್ಲೇಶ್ವರದ ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆಗೂ ಇದೇ ಕತೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಸಾಂಬಾರೇ ಇಲ್ಲ, ಚಟ್ನಿ ಹಾಕಿಸಿಕೊಂಡು ನಿಂತೇ ಇಡ್ಲಿ ತಿನ್ನಬೇಕು. ಈ ಹೋಟೆಲುಗಳ ಮೇಲೆ ನಮಗೇನೂ ಸಿಟ್ಟಿಲ್ಲ. ಆ ಕಡೆ ಹೋದಾಗ ನಾವೂ ತಿನ್ನುವುದು ಅಲ್ಲೇ. ಸಾಧಾರಣ ದುಡ್ಡಿಗೆ ನಾಲ್ಕು ಜನ ಸೇರಿ ಹರಟುವ ಜಾಗ ಆ ಊರಲ್ಲಿ ಇನ್ನೆಷ್ಟು ಉಳಿದಿವೆ?

ನಮ್ಮ ತಕರಾರು ತಲೆಬರಹದ ಮೇಲೆ. ಹಾಲಿನ ದರ ಏರಿತು ಅಂದರೆ ಸಾಕು, ‘ಗ್ರಾಹಕರಿಗೆ ಬರೆ’, ‘ಇನ್ನು ಕಾಫಿಯೂ ಕಹಿ’! ಬರೆಯುವವರು ನಮ್ಮ ಕಸುಬಿನವರೇ.

2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಲೆಕ್ಕ ಹಾಕಿ, ಕೈಯಲ್ಲೇ ಮೊಬೈಲಿದೆ. ಒಂದು ಲೋಟ ಕಾಫಿಗೆ 100 ಮಿ.ಲೀ. ಹಾಲು ಅಂದುಕೊಳ್ಳೋಣ (ಹೋಟೆಲಿನ ಲೋಟ ನೋಡಿದವರು ನಗಬಹುದು, ಇರಲಿ). ಲೀಟರಿಗೆ 10 ಲೋಟ. 4 ರೂಪಾಯಿ ಹಂಚಿದರೆ ಲೋಟಕ್ಕೆ 40 ಪೈಸೆ. ಕಾಫಿಗೆ 2 ರೂಪಾಯಿ ಏರಿಸಿದರೆ ಅದರಲ್ಲಿ 1 ರೂಪಾಯಿ 60 ಪೈಸೆ ಹಾಲಿನದಲ್ಲ.

ಹೋಟೆಲಿನವರು ನುಂಗಿದರು ಅನ್ನುತ್ತಿಲ್ಲ. ಅದೇ ವರ್ಷ ಫೆಬ್ರುವರಿಯಲ್ಲಿ ಅರೇಬಿಕಾ ಕಾಫಿ ಬೀಜ ಜಗತ್ತಿನ ಮಾರುಕಟ್ಟೆಯಲ್ಲಿ ದಾಖಲೆ ಬೆಲೆ ಮುಟ್ಟಿತ್ತು. ಬ್ರೆಜಿಲಿನ ಬರ ಅದಕ್ಕೊಂದು ಕಾರಣ. ಗ್ಯಾಸು, ಕೆಲಸದವರ ಸಂಬಳ, ಎಲ್ಲಕ್ಕಿಂತ ಬಾಡಿಗೆ. ಹಾಗಾದರೆ ಒಂದೊಂದನ್ನೂ ಹೆಸರು ಹಿಡಿದು ಬರೆಯಲಿ. ಕಟ್ಟಡದ ಮಾಲೀಕ ಬಾಡಿಗೆ ಏರಿಸಿದ್ದಕ್ಕೆ ಕಾಫಿ ಕಹಿಯಾಯಿತು ಅನ್ನುವ ತಲೆಬರಹ ನಾವಂತೂ ಕಂಡಿಲ್ಲ.

ಇತ್ತ ರಾಮನಗರದಲ್ಲೋ ಕೋಲಾರದಲ್ಲೋ ಬೆಳಕು ಹರಿಯುವ ಮೊದಲೇ ಎದ್ದು ಹಾಲು ಕರೆದು, ಕ್ಯಾನು ಹಿಡಿದು ಡೇರಿಗೆ ನಡೆಯುವ ಹೆಣ್ಣುಮಗಳಿಗೆ ಭಾನುವಾರವೂ ರಜೆಯಿಲ್ಲ. ಫ್ಯಾಟ್ ಕಡಿಮೆ ಬಂತು ಅಂದರೆ ಅವಳ ದುಡ್ಡೂ ಕಡಿಮೆ. ಬೂಸಾ, ಹಿಂಡಿ ಮೂಟೆಯ ಬೆಲೆ ಏರಿದಾಗ ಅವಳಿಗೆ ಬಿದ್ದ ಬರೆ ಯಾರ ಮುಖಪುಟದಲ್ಲಿತ್ತು? ಮೇವಿನ ಸುದ್ದಿ ಬರೆದು ಕಳಿಸಿದರೆ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂದರೆ ನಮ್ಮ ಪುಣ್ಯ.

ಮುಂದಿನ ಸಲ ದರ ಏರಿದಾಗ ಈ 40 ಪೈಸೆಯ ಲೆಕ್ಕವೂ ಸುದ್ದಿಯೊಳಗೆ ಅಚ್ಚಾಗಬೇಕು. ಅಲ್ಲಿಯತನಕ ನೀವು ಡೇರಿಯ ಬಟವಾಡೆ ಚೀಟಿ, ಹಿಂಡಿ ಅಂಗಡಿಯ ಬಿಲ್ಲು ಎರಡರ ಫೋಟೊ ತೆಗೆದಿಡಿ. ಆ ತಲೆಬರಹ ಮತ್ತೆ ಬಂದ ದಿನ ನಮಗೆ ಕಳಿಸಿ, ಪಕ್ಕಪಕ್ಕ ಹಾಕುತ್ತೇವೆ.