ಒಂದೇ ದಿನ ಬಂದ ಎರಡು ಹಬ್ಬ



2021ರ ಮೇ 14ರಂದು ಬಸವ ಜಯಂತಿ. ಅದೇ ದಿನ ರಂಜಾನ್ ಹಬ್ಬವೂ ಬಂದಿತ್ತು. ಲಾಕ್‌ಡೌನ್ ಇದ್ದುದರಿಂದ ನಾವು ಮನೆಯಲ್ಲೇ ಬಸವಣ್ಣನವರ ಭಾವಚಿತ್ರಕ್ಕೆ ಹೂವೇರಿಸಿ, ವಚನ ಪಠಿಸಿ ಜಯಂತಿ ಆಚರಿಸಿದೆವು. ಪಕ್ಕದ ಬೀದಿಯ ಮುಸ್ಲಿಂ ಕುಟುಂಬಗಳು ಮನೆಯಲ್ಲೇ ನಮಾಜ್ ಮಾಡಿದವು. ಮೆರವಣಿಗೆ ನಿಂತರೆ ಬಸವತತ್ವಕ್ಕೆ ಕುಂದಿಲ್ಲ. ಆದರೆ ಆಂಡರ್ಸನ್‌ಪೇಟೆಯ ಬಜಾರಿನಲ್ಲಿ ಹಬ್ಬದ ತಿಂಗಳ ದುಡಿಮೆಯನ್ನೇ ನಂಬಿದವರಿಗೆ ಆದ ನಷ್ಟದ ಬಗ್ಗೆ ಶರಣರು ಯೋಚಿಸಬೇಕೆಂದು ಈ ಲೇಖನ.

ನಿರ್ಬಂಧವೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಆಸ್ಪತ್ರೆಗಳಲ್ಲಿ ಹಾಸಿಗೆ ಇಲ್ಲದ, ಆಮ್ಲಜನಕಕ್ಕೆ ಪರದಾಡಿದ ದಿನಗಳವು. ಜೀವ ಉಳಿಸಲು ಬಾಗಿಲು ಮುಚ್ಚಲೇಬೇಕಿತ್ತು. ಆದರೆ ಒಂದೇ ನಿಯಮ ಎಲ್ಲರ ಮೇಲೂ ಒಂದೇ ಸಮನೆ ಬೀಳುವುದಿಲ್ಲ. ನಾನು ಸರ್ಕಾರಿ ಸೇವೆಯಲ್ಲಿ ಎಂಜಿನಿಯರ್ ಆಗಿದ್ದವನು. ಸೇತುವೆ ಕಟ್ಟುವಾಗ ಸರಾಸರಿ ಭಾರವನ್ನಲ್ಲ, ಅತಿ ಹೆಚ್ಚು ಭಾರ ಬೀಳುವ ಗಳಿಗೆಯನ್ನು ಲೆಕ್ಕ ಹಾಕುತ್ತೇವೆ. ಹಂಗಾಮಿನ ವ್ಯಾಪಾರಕ್ಕೂ ಇದೇ ಲೆಕ್ಕ. ಬಟ್ಟೆ, ಶ್ಯಾವಿಗೆ, ಖರ್ಜೂರ, ಅತ್ತರು, ಚಪ್ಪಲಿ ಮಾರುವ ಸಣ್ಣ ಅಂಗಡಿಯವರು ರಂಜಾನ್‌ಗೆ ಮುಂಚೆ ಸಾಲ ಮಾಡಿ ಮಾಲು ತರುತ್ತಾರೆ. ಉಪವಾಸ ಬಿಟ್ಟ ಮೇಲೆ, ರಾತ್ರಿ ಹೊತ್ತಿನಲ್ಲಿ ವ್ಯಾಪಾರ. ಏಪ್ರಿಲ್ 14ಕ್ಕೆ ಉಪವಾಸ ಆರಂಭವಾಯಿತು. 21ರಿಂದ ರಾತ್ರಿ 9 ಗಂಟೆಗೆ ಕರ್ಫ್ಯೂ ಬಂತು. 27ರ ರಾತ್ರಿಯಿಂದ, ಬೆಳಗ್ಗೆ 6ರಿಂದ 10ರವರೆಗೆ ಅಗತ್ಯ ವಸ್ತುಗಳ ಅಂಗಡಿ ಮಾತ್ರ. ಬಟ್ಟೆ ಅಂಗಡಿ ಅಗತ್ಯದ ಪಟ್ಟಿಯಲ್ಲಿ ಇರಲಿಲ್ಲ. ವರ್ಷದ ಗಂಟು ಕೂಡುವ ಗಳಿಗೆಯೇ ಕೈಬಿಟ್ಟುಹೋಯಿತು, ಸಾಲ ಮಾತ್ರ ಉಳಿಯಿತು.

ಅದರ ಹಿಂದಿನ ವರ್ಷದ ಕಥೆ ಇನ್ನೊಂದು. 2020ರ ಮೇ ಮೊದಲ ವಾರದವರೆಗೂ ಕೋಲಾರ ಜಿಲ್ಲೆ ಹಸಿರು ವಲಯ. ಅಂಗಡಿ ತೆರೆಯಲು ಅನುಮತಿ ಸಿಕ್ಕರೂ ಗಿರಾಕಿಯ ಕೈಯಲ್ಲಿ ಕಾಸಿರಲಿಲ್ಲ. ಕಾರಣ ರೈಲು. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಮುಚ್ಚಿದ ಮೇಲೆ ಈ ಊರಿನ ಸಾವಿರಾರು ಜನ ಮಾರಿಕುಪ್ಪಂನಿಂದ ಬಂಗಾರಪೇಟೆ ಮೂಲಕ ದಿನವೂ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅವರ ಸಂಬಳವೇ ನಮ್ಮ ಪೇಟೆಯ ವ್ಯಾಪಾರ. 2020ರ ಮಾರ್ಚ್‌ನಲ್ಲಿ ರೈಲು ನಿಂತಿತು, ಕೂಲಿ ನಿಂತಿತು, ವ್ಯಾಪಾರವೂ ನಿಂತಿತು.

ಇಷ್ಟರವರೆಗಿನ ಕಷ್ಟ ಎಲ್ಲರದು. ಯುಗಾದಿಯ ದಿನವೇ ದೇಶದ ಬಾಗಿಲು ಮುಚ್ಚಿತು, ಈಸ್ಟರ್ ಹಬ್ಬ ಚರ್ಚಿನ ಹೊರಗೇ ಕಳೆಯಿತು, ಜಾತ್ರೆಗಳು ನಿಂತು ಹೂವಿನ ರೈತ ಬೆಳೆಯನ್ನು ತಿಪ್ಪೆಗೆ ಸುರಿದ. ಆದರೆ ಮುಸ್ಲಿಂ ವ್ಯಾಪಾರಿಗೆ ಇದರ ಮೇಲೆ ಇನ್ನೊಂದು ಪೆಟ್ಟು ಬಿತ್ತು. ದೆಹಲಿಯ ನಿಜಾಮುದ್ದೀನ್‌ನಲ್ಲಿ ನಡೆದ ತಬ್ಲೀಗಿ ಸಭೆಯ ಸುದ್ದಿಯ ನಂತರ, ಅವರಿಂದ ಹಣ್ಣು ತರಕಾರಿ ಕೊಳ್ಳಬೇಡಿ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ಇದು ಸರ್ಕಾರದ ನಿಯಮವಲ್ಲ, ವೈದ್ಯರ ಸಲಹೆಯೂ ಅಲ್ಲ. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಏಪ್ರಿಲ್ ತಿಂಗಳಲ್ಲೇ, ಇಡೀ ಸಮುದಾಯವನ್ನು ದೂಷಿಸುವವರ ಮೇಲೆ ಕ್ರಮ ಕೈಗೊಳ್ಳುವುದಾಗಿ ಎಚ್ಚರಿಸಿದರು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ಆ ಸಭೆಗೆ ಬಂದಿದ್ದ ವಿದೇಶಿಯರ ಮೇಲಿನ ಪ್ರಕರಣಗಳನ್ನು ರದ್ದು ಮಾಡಿ, ಅವರನ್ನು ಬಲಿಪಶು ಮಾಡಲಾಯಿತು ಎಂದಿತು. ತೀರ್ಪು ಬರುವ ಹೊತ್ತಿಗೆ ಆ ವರ್ಷದ ಹಂಗಾಮು ಮುಗಿದಿತ್ತು. ನಮ್ಮ ಫೋನುಗಳಲ್ಲೂ ಆ ಸಂದೇಶಗಳು ಬಂದಿದ್ದವು. ಎಷ್ಟು ಜನ ಅಳಿಸಿದೆವು, ಎಷ್ಟು ಜನ ಮುಂದೆ ಕಳಿಸಿದೆವು? ಈ ಪ್ರಶ್ನೆಗೆ ಉತ್ತರ ನಮ್ಮ ನಮ್ಮ ಅಂತಃಸಾಕ್ಷಿಗೆ ಗೊತ್ತು.

2018ರಲ್ಲಿ ನಮ್ಮ ಧರ್ಮಕ್ಕೆ ಅಲ್ಪಸಂಖ್ಯಾತ ಮಾನ್ಯತೆ ಕೊಡಿ ಎಂದು ಕೇಳಿದವರು ನಾವು. ಮಾನ್ಯತೆ ಕೇಳುವವರು ಇನ್ನೊಬ್ಬ ಅಲ್ಪಸಂಖ್ಯಾತನ ಅಂಗಡಿಯ ಮುಂದೆ ಮುಖ ತಿರುಗಿಸಿ ನಡೆದರೆ ನಮ್ಮ ಬೇಡಿಕೆಗೆ ಏನು ಬೆಲೆ? ಅನುಭವ ಮಂಟಪದಲ್ಲಿ ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಮೇದರ ಕೇತಯ್ಯ, ಅಂಬಿಗರ ಚೌಡಯ್ಯ ಕುಳಿತದ್ದು ಕಾಯಕದ ಬಲದಿಂದ. ಅಲ್ಲಿ ಯಾರೂ ಅವರ ಕುಲ ನೋಡಿ ಕಾಯಕವನ್ನು ಅಳೆಯಲಿಲ್ಲ.

ನನಗೆ ಬಹುಕಾಲದಿಂದ ಅಂಗಿ ಹೊಲಿದುಕೊಡುವ ದರ್ಜಿಯೊಬ್ಬರು ಇಲ್ಲಿದ್ದಾರೆ. ಹಬ್ಬ ಕಳೆದ ವಾರ ಅವರ ಮನೆಗೆ ಒಂದಿಷ್ಟು ಅಕ್ಕಿ ಬೇಳೆ ಕೊಡಲು ಹೋದೆ. ಅವರು ಕೈಮುಗಿದು, "ಸಾರ್, ಇದನ್ನ ಇಲ್ಲದವರಿಗೆ ಕೊಡಿ. ನನಗೆ ಹೊಲಿಯೋಕೆ ಬಟ್ಟೆ ಕೊಡಿ" ಎಂದರು. ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಹಿಂದಿರುಗಿಸಿ ಬಾ ಎಂದು ಗಂಡನನ್ನು ಕಳಿಸಿದ ಆಯ್ದಕ್ಕಿ ಲಕ್ಕಮ್ಮ ನೆನಪಾದರು. ಅವರ ಕಥೆಯನ್ನು ವೇದಿಕೆಯಲ್ಲಿ ಎಷ್ಟೋ ಸಲ ಹೇಳಿದ ನಾನು, ಅಂದು ಅಕ್ಕಿ ಚೀಲ ಹಿಡಿದುಕೊಂಡು ಹಿಂದಿರುಗಿದೆ.

2021ರ ಮೇ 19ರಂದು ಸರ್ಕಾರ 1,250 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿತು. ಬೀದಿ ವ್ಯಾಪಾರಿಗೂ ದರ್ಜಿಗೂ ತಲಾ 2,000 ರೂಪಾಯಿ. ಅದು ಒಳ್ಳೆಯದೇ. ಆದರೆ ಅದು ಒಂದು ತಿಂಗಳ ಅಂಗಡಿ ಬಾಡಿಗೆಗೂ ಸಾಲುತ್ತಿರಲಿಲ್ಲ. ಉಳಿದದ್ದು ನಮ್ಮ ಕೈಯಲ್ಲಿದೆ. ಮಠಗಳು ನಡೆಸುವ ಶಾಲೆ, ಪ್ರಸಾದ ನಿಲಯಗಳಿಗೆ ಸಮವಸ್ತ್ರ ಬೇಕಾಗುತ್ತದೆ. ಅದರ ಹೊಲಿಗೆಯನ್ನು ಈಗಲೇ ಆಯಾ ಊರಿನ ದರ್ಜಿಗಳಿಗೆ, ಜಾತಿ ಧರ್ಮ ನೋಡದೆ ಹಂಚಿಕೊಡಲಿ. ಅರ್ಧ ಹಣ ಮುಂಗಡ ಕೊಡಲಿ. ಅಂಗಡಿ ಬಾಡಿಗೆಗೆ ಕೊಟ್ಟಿರುವ ಶರಣರು ಮುಚ್ಚಿದ ತಿಂಗಳ ಬಾಡಿಗೆ ಬಿಡಲಿ, ಆಗದಿದ್ದರೆ ಕಂತು ಮಾಡಲಿ. ನಮ್ಮ ಮನೆಗಳ ಮದುವೆ, ಗೃಹಪ್ರವೇಶದ ಬಟ್ಟೆ ಬರೆ ಬೆಂಗಳೂರಿನ ಮಾಲಿನಿಂದ ಬರುವ ಬದಲು ನಮ್ಮ ಪೇಟೆಯಿಂದಲೇ ಬರಲಿ.

ದಾಸೋಹ ಎಂದರೆ ಹಸಿದವನಿಗೆ ಅನ್ನ ಇಡುವುದು. ದುಡಿಯುವ ಕೈಗೆ ಕೆಲಸ ತಪ್ಪದಂತೆ ನೋಡಿಕೊಳ್ಳುವುದೂ ದಾಸೋಹವೇ. ಅದರ ಮುಂದಿನ ವರ್ಷ, 2022ರ ಮೇ ಆರಂಭದಲ್ಲಿ, ಬಸವ ಜಯಂತಿ ಮತ್ತು ರಂಜಾನ್ ಮತ್ತೆ ಹತ್ತಿರ ಹತ್ತಿರವೇ ಬಂದವು. ಅಷ್ಟರಲ್ಲಿ ಆ ದರ್ಜಿಯ ಸಾಲ ತೀರಬೇಕೆಂಬುದು ನನ್ನ ಆಸೆಯಾಗಿತ್ತು. ನಾನು ನಾಲ್ಕು ಅಂಗಿಯ ಬಟ್ಟೆ ಕೊಟ್ಟು ಬಂದಿದ್ದೆ.