ಸೊಂಟದ ಅಂಟುಪಟ್ಟಿಯನ್ನು ಎಷ್ಟು ನಂಬೋಣ?

ಈಗ ನಮ್ಮ ಪೇಟೆಯ ಔಷಧಿ ಅಂಗಡಿಯಲ್ಲೂ ನೀಲಿ, ಕಪ್ಪು ಬಣ್ಣದ ಅಂಟುಪಟ್ಟಿಯ ಸುರುಳಿ ಸಿಗುತ್ತದೆ. ಎಳೆದರೆ ಹಿಗ್ಗುವ ಹತ್ತಿಬಟ್ಟೆ, ಹಿಂಬದಿಗೆ ಅಂಟು. ಸೊಂಟ ಹಿಡಿದವರು ಇದನ್ನು ಹಚ್ಚಿಸಿಕೊಂಡು ಮರುದಿನವೇ ತೋಟಕ್ಕಿಳಿಯುತ್ತಾರೆ. ‘ಟೇಪ್ ಹಾಕಿಸಿದ್ದೇನೆ ಮಾರಾಯ್ರೆ, ಇನ್ನು ತೊಂದರೆ ಇಲ್ಲ’ ಅನ್ನುತ್ತಾರೆ. ಪಟ್ಟಿಯ ಬಗ್ಗೆ ನನಗೆ ದ್ವೇಷ ಇಲ್ಲ. ಆ ‘ಇನ್ನು ತೊಂದರೆ ಇಲ್ಲ’ ಎಂಬುದಕ್ಕೆ ಮಾತ್ರ ತಕರಾರು ಇದೆ.

ಜಪಾನಿನ ಕೆಂಜೊ ಕಾಸೆ ಎಂಬವರು 1970ರ ದಶಕದಲ್ಲಿ ರೂಪಿಸಿದ ಪಟ್ಟಿ ಇದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆಟಗಾರರ ಮೈಮೇಲೆ ಕಂಡ ನಂತರ ಜಗತ್ತಿಗೆಲ್ಲ ಪರಿಚಯವಾಯಿತು. ಪಟ್ಟಿ ಚರ್ಮವನ್ನು ತುಸು ಮೇಲೆತ್ತಿ ನೆರಿಗೆ ಬೀಳಿಸುತ್ತದೆ, ಅಡಿಯಲ್ಲಿ ರಕ್ತದ ಓಡಾಟ ಸಲೀಸಾಗಿ ನೋವು ಇಳಿಯುತ್ತದೆ ಎಂಬುದು ಇದರ ಪರವಾಗಿ ಹೇಳುವ ಮಾತು. ಕೇಳಲು ಚೆಂದ. ಬ್ರೆಜಿಲಿನಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಿದರು. ಹಳೆಯ ಸೊಂಟನೋವಿನ 148 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ನೆರಿಗೆ ಬೀಳುವಂತೆ ಎಳೆದು, ಇನ್ನೊಂದಕ್ಕೆ ಎಳೆಯದೆ ಸುಮ್ಮನೆ ಅಂಟಿಸಿದರು. ವಾರಕ್ಕೆ ಎರಡು ಸಲದಂತೆ ನಾಲ್ಕು ವಾರ. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನೋವಿನಲ್ಲಾಗಲಿ, ಕೆಲಸದ ಅಡಚಣೆಯಲ್ಲಾಗಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಹೊಸ ಗೊಬ್ಬರ ಹಾಕಿದ ಸಾಲೂ ಹಾಕದ ಸಾಲೂ ಒಂದೇ ಫಸಲು ಕೊಟ್ಟ ಹಾಗೆ. ಮಳೆಯ ಪುಣ್ಯವನ್ನು ಗೊಬ್ಬರದ ಲೆಕ್ಕಕ್ಕೆ ಬರೆಯುವ ಅಭ್ಯಾಸ ನಮಗೂ ಉಂಟಲ್ಲ!

ಹಾಗೆಂದು ಹಾಕಿಸಿಕೊಂಡವರಿಗೆ ಹಾಯೆನಿಸುವುದು ಸುಳ್ಳೂ ಅಲ್ಲ. ಬೆನ್ನಿನ ಚರ್ಮ ಬಿಗಿಹಿಡಿದಂತಾದಾಗ ಬಗ್ಗುವವನಿಗೆ ತಾನಾಗಿ ಎಚ್ಚರ ಬರುತ್ತದೆ. ನಮ್ಮ ಮನೆಯಾಕೆಗೆ ಹಾಕಿಸಿದಾಗ ಅವಳು ಕೇಳಿದ್ದು, ‘ಇದು ಬೈರಾಸು ಬಿಗಿದ ಹಾಗೇ ಅಲ್ವಾ? ಇದಕ್ಕೆ ನೀವು ದುಡ್ಡು ಕೊಟ್ಟದ್ದಾ?’ ಪ್ರಶ್ನೆ ಸರಿಯಾಗಿಯೇ ಇದೆ. ಹೊರೆ ಹೊರುವವರು ಸೊಂಟಕ್ಕೆ ಬೈರಾಸು ಬಿಗಿಯುವುದು, ಬಾಣಂತಿಯರಿಗೆ ಹಳೇ ಸೀರೆ ಸುತ್ತುವುದು ನಮ್ಮಲ್ಲಿ ಇದ್ದದ್ದೇ. ಬೆನ್ನೆಲುಬಿನ ಬುಡದ ತ್ರಿಕೋನದ ಮೂಳೆ ಎರಡೂ ಬದಿಯ ಸೊಂಟದ ಮೂಳೆಗೆ ಸೇರುವಲ್ಲಿ ಒಂದೊಂದು ಕೀಲು ಇದೆ. ಅಲುಗಾಟ ತೀರಾ ಕಡಿಮೆ, ಆದರೆ ಮೇಲಿನ ಭಾರವೆಲ್ಲ ಕಾಲಿಗೆ ಇಳಿಯುವುದು ಅದರ ಮೂಲಕವೇ. ಕುಳಿತಲ್ಲಿಂದ ಏಳುವಾಗ, ಮೆಟ್ಟಿಲು ಹತ್ತುವಾಗ ಒಂದೇ ಬದಿಗೆ ಚಳುಕು ಬಂದರೆ ಆ ಕೀಲಿನ ಮೇಲೆ ಸಂಶಯ. ಬಸುರಿಯರಿಗೂ ಅಲ್ಲೇ ನೋವು ಬರುವುದುಂಟು. ಇಂಥವರಿಗೆ ವೈದ್ಯರು ಹೇಳುವ ಸೊಂಟಪಟ್ಟಿ ಸುತ್ತಲಿನಿಂದ ಒತ್ತಿ ಹಿಡಿಯುತ್ತದೆ. ತೆಳ್ಳಗಿನ ಅಂಟುಪಟ್ಟಿಗೆ ಅಷ್ಟು ಬಲ ಎಲ್ಲಿಂದ?

ನನಗೆ ನಿಜವಾಗಿ ಹೆದರಿಕೆ ಇರುವುದು ಇನ್ನೊಂದಕ್ಕೆ. ನಮ್ಮೂರಿನ ಒಬ್ಬ ಯುವಕ ವರ್ಷಕ್ಕೂ ಮಿಕ್ಕಿ ಪಟ್ಟಿ ಬದಲಿಸುತ್ತಲೇ ಇದ್ದ. ಬೆಳಿಗ್ಗೆ ಎದ್ದರೆ ಮುಕ್ಕಾಲು ಗಂಟೆ ಸೊಂಟ ಮರಗಟ್ಟಿದ ಹಾಗೆ, ಕೆಲಸ ಮಾಡುತ್ತಾ ಹೋದಂತೆ ಸಡಿಲ. ಕೊನೆಗೆ ದೊಡ್ಡ ಆಸ್ಪತ್ರೆಯಲ್ಲಿ ಗೊತ್ತಾದದ್ದು ಅದು ಆ ಕೀಲಿನಲ್ಲೇ ಶುರುವಾಗುವ ವಾತದ ಕಾಯಿಲೆ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ದುಡಿದು ಬಂದ ನೋವು ಸಾಮಾನ್ಯವಾಗಿ ವಿಶ್ರಾಂತಿಯಲ್ಲಿ ಇಳಿಯುತ್ತದೆ; ಇದು ವಿಶ್ರಾಂತಿಯಲ್ಲಿ ಏರುತ್ತದೆ. ಇದಕ್ಕೆ ಒಳ್ಳೆಯ ಔಷಧಿಗಳಿವೆ. ತಡವಾದಷ್ಟೂ ಬೆನ್ನು ಬಿಗಿಯುತ್ತಾ ಹೋಗುವ ಅಪಾಯ ಇದೆ. ನಲ್ವತ್ತು ದಾಟದವರಿಗೆ ಮೂರು ತಿಂಗಳಿಗೂ ಹೆಚ್ಚು ಹೀಗೆ ಇದ್ದರೆ ಟೇಪ್ ಬದಿಗಿಟ್ಟು ವೈದ್ಯರಲ್ಲಿಗೆ ಹೋಗಲೇಬೇಕು. ಸೊಂಟನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿನಲ್ಲಿ ಸ್ಪರ್ಶ ತಿಳಿಯದಿದ್ದರೆ, ಕಾಲು ಸೋತರೆ ಅದೇ ದಿನ ಆಸ್ಪತ್ರೆ. ಮರದಿಂದ ಬಿದ್ದ ಮೇಲಿನ ನೋವಿಗೂ ಅಷ್ಟೆ.

ಇಷ್ಟು ತಿಳಿದೂ ಹಾಕಿಸುವವರು ಹಾಕಿಸಲಿ. ಎಣ್ಣೆ ಹಚ್ಚಿದ ಮೈಗೆ ಅದು ನಿಲ್ಲದು, ಬೆವರಿಗೂ ಬೇಗ ಏಳುತ್ತದೆ. ಗಾಯದ ಮೇಲೆ ಬೇಡ. ತುರಿಕೆ ಎದ್ದರೆ ಕೂಡಲೇ ತೆಗೆಯಿರಿ. ಸಕ್ಕರೆ ಕಾಯಿಲೆಯವರು ಚರ್ಮದ ಮೇಲೆ ಒಂದು ಕಣ್ಣಿಟ್ಟಿರಿ.

ನನ್ನ ಪ್ರಕಾರ ಆ ದುಡ್ಡು ಮೊದಲು ಹೋಗಬೇಕಾದ್ದು ಹಾರೆ, ಕತ್ತಿಗಳ ಹಿಡಿಗೆ. ಗಿಡ್ಡ ಹಿಡಿ ಹಿಡಿದು ದಿನವಿಡೀ ಬಗ್ಗುವ ಸೊಂಟಕ್ಕೆ ಯಾವ ಪಟ್ಟಿಯೂ ಸಾಲದು. ಯೂರಿಯಾ ಚೀಲ 2018ರಲ್ಲಿ 50ರಿಂದ 45 ಕಿಲೋಗೆ ಇಳಿದದ್ದು ಬಳಕೆ ಕಡಿಮೆಯಾಗಲಿ ಅಂತ, ನಮ್ಮ ಬೆನ್ನಿನ ಮೇಲಿನ ಕರುಣೆಯಿಂದಲ್ಲ. ಅದನ್ನು ಎರಡು ಪಾಲು ಮಾಡಿ ಒಯ್ದರೆ ಯಾರ ಮರ್ಯಾದೆಯೂ ಹೋಗದು. ಬಕೆಟು ಒಂದೇ ಕೈಯಲ್ಲಿ ಒಯ್ಯುವ ಬದಲು ಎರಡು ಕೈಗೆ ಹಂಚಿದರೆ ಭಾರ ಒಂದೇ ಬದಿಗೆ ವಾಲುವುದಿಲ್ಲ. ಮರ ಹತ್ತುವ ಕಷ್ಟಕ್ಕೆ ಕಾರ್ಬನ್ ಫೈಬರ್ ದೋಟಿ ಬಂತು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಉದುರಿದ ಅಡಿಕೆ ಹೆಕ್ಕುವ ಹೆಂಗಸರು ಮಾತ್ರ ಈಗಲೂ ಬಗ್ಗಿದಲ್ಲೇ ಇದ್ದಾರೆ. ನೆಲಕ್ಕೆ ಕೂತು ಸುಲಿಯುವವರಿಗೆ ಒಂದು ಗೇಣು ಎತ್ತರದ ಮಣೆ ಮಾಡಿಸಿಕೊಡಲು ಎಷ್ಟು ಹೊತ್ತು ಬೇಕು? ಬಗ್ಗದೆ ಅಡಿಕೆ ಹೆಕ್ಕುವ ಏನಾದರೂ ಉಪಾಯವನ್ನು ಯಾರಾದರೂ ಮನೆಯಲ್ಲೇ ಮಾಡಿಕೊಂಡಿದ್ದರೆ, ಚಿತ್ರ ಸಮೇತ ಪತ್ರಿಕೆಗೆ ಬರೆಯಿರಿ. ನಮ್ಮ ಮನೆಯಲ್ಲಂತೂ ಮೊದಲು ಓದುವವಳು ನನ್ನ ಹೆಂಡತಿ.