ಗೋಲ್‌ಕೀಪರ್‌ಗೆ ಯಾವ ಅಳತೆಗೋಲು?

ಹಾಕಿ ಲೀಗ್ ಅರ್ಧ ಹಾದಿ ಕ್ರಮಿಸುತ್ತಿದ್ದಂತೆ ಗೋಲ್‌ಕೀಪರುಗಳ ಮೌಲ್ಯಮಾಪನ ಆರಂಭವಾಗುವುದು ವಾಡಿಕೆ. ಬಿಟ್ಟುಕೊಟ್ಟ ಗೋಲುಗಳ ಸಂಖ್ಯೆಯೇ ಅದಕ್ಕೆ ಮಾನದಂಡ. ಈ ಲೆಕ್ಕಾಚಾರ ದೋಷಪೂರಿತ. ರಕ್ಷಣಾ ಆಟಗಾರರು ಪದೇ ಪದೇ ಪೆನಾಲ್ಟಿ ಕಾರ್ನರ್ ನೀಡುವ ತಂಡದಲ್ಲಿ ಉತ್ತಮ ಗೋಲ್‌ಕೀಪರನೂ ಕಳಪೆಯಾಗಿ ಕಾಣುತ್ತಾನೆ. ಎದುರಿಸಿದ ಹೊಡೆತಗಳೆಷ್ಟು, ತಡೆದವೆಷ್ಟು, ತಡೆದ ಚೆಂಡು ಮತ್ತೆ ಎದುರಾಳಿಯ ಸ್ಟಿಕ್‌ಗೇ ಸಿಕ್ಕಿತೇ ಎಂಬುದನ್ನು ನೋಡಬೇಕು.

ಶೂಟೌಟ್‌ನದು ಬೇರೆಯೇ ಲೆಕ್ಕ. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಆಶಿಶ್ ಬಲ್ಲಾಳ್ ಎದುರಿಸಿದ್ದು ನಿಂತ ಚೆಂಡಿನ ಪೆನಾಲ್ಟಿ ಸ್ಟ್ರೋಕ್‌ಗಳನ್ನು; 2024ರ ಪ್ಯಾರಿಸ್‌ನಲ್ಲಿ ಬ್ರಿಟನ್ ವಿರುದ್ಧ ಶ್ರೀಜೇಶ್ ಎದುರಿಸಿದ್ದು ಎಂಟು ಸೆಕೆಂಡುಗಳ ಅವಧಿಯಲ್ಲಿ ಚೆಂಡಿನೊಡನೆ ನುಗ್ಗಿಬರುವ ಆಟಗಾರನನ್ನು.

2024-25ರ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಡ್ರ್ಯಾಗ್‌ಫ್ಲಿಕ್ ಪರಿಣತ ಹರ್ಮನ್‌ಪ್ರೀತ್ ಸಿಂಗ್ ಅವರಿಗೆ 78 ಲಕ್ಷ ರೂಪಾಯಿ ದೊರೆಯಿತು. ಐರ್ಲೆಂಡಿನ ಹೆಸರಾಂತ ಗೋಲ್‌ಕೀಪರ್ ಡೇವಿಡ್ ಹಾರ್ಟ್ ಅವರಿಗೆ ಅದರ ಅರ್ಧಕ್ಕಿಂತಲೂ ಕಡಿಮೆ, 32 ಲಕ್ಷ. ಆ ಋತುವಿನಲ್ಲಿ ಕರ್ನಾಟಕದ ಹೆಸರಿನ ಪುರುಷರ ತಂಡವೇ ಇರಲಿಲ್ಲ. ಔರಾದದ ಹುಡುಗನಿಗೆ ಸಮೀಪದ ತಂಡವೆಂದರೆ ಹೈದರಾಬಾದಿನದು! ಗೋಲ್‌ಕೀಪರನ ಪ್ಯಾಡು, ಹೆಲ್ಮೆಟ್, ಕಿಕ್ಕರ್‌ಗಳ ವೆಚ್ಚ ಸ್ಟಿಕ್ಕೊಂದರ ಬೆಲೆಯ ಹಲವು ಪಟ್ಟು. ಗಡಿ ತಾಲ್ಲೂಕುಗಳ ಶಾಲೆಗಳಿಗೆ ಯುವಜನ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಮೊದಲು ಅವನ್ನು ಒದಗಿಸಲಿ.